ಕುಂದ್ರುವವರು, ನಿಂದ್ರುವವರು: ಆರಾಮ ಕುರ್ಚಿಯ ಚರಿತ್ರೆಗೊಂದು ಟಿಪ್ಪಣಿ

1

ಅಧಿಕಾರಕ್ಕೆ ನಮ್ಮ ದಿನಬಳಕೆಯ ಹೆಸರು ಕುರ್ಚಿ. 'ಕುರ್ಚಿ ಹೋತು', 'ಕುರ್ಚಿಗಿ ಅಂಟ್ಕೊಂಡು ಕುಂತಾನ', 'ಕುರ್ಚಿ ಕಿತ್ತಾಟ' ಎಂಬ ಮಾತು ಪತ್ರಿಕೆಗಳ ತಲೆಬರಹದಲ್ಲೂ ಇದೆ, ಚಹಾದಂಗಡಿಯ ಬಾಕಿನ ಮೇಲೂ ಇದೆ. ಅರಬ್ಬಿಯ 'ಕುರ್ಸಿ' ಫಾರಸಿ, ಉರ್ದುಗಳ ದಾರಿ ಹಿಡಿದು ಮರಾಠಿಯಲ್ಲಿ 'ಖುರ್ಚಿ'ಯಾಯಿತು, ಕನ್ನಡದಲ್ಲಿ 'ಕುರ್ಚಿ'ಯಾಯಿತು. ಪದ ಬರುವ ಮೊದಲು ನಮ್ಮಲ್ಲಿ ಕುಂದ್ರುವ ಜಾಗಗಳೇ ಇರಲಿಲ್ಲ ಎಂದಲ್ಲ. ಗಾದಿ-ಲೋಡು ಇತ್ತು, ಜಮಖಾನ ಇತ್ತು, ಕಂಬಳಿ ಇತ್ತು, ಮಣಿ ಇತ್ತು, ಚಾಪಿ ಇತ್ತು, ಗುಡಿಯ ಕಟ್ಟಿ ಇತ್ತು. ಯಾವುದರ ಮೇಲೆ ಯಾರು ಕುಂದ್ರಬೇಕು, ಯಾರು ಅದರಿಂದ ಎಷ್ಟು ದೂರ ನಿಂದ್ರಬೇಕು ಎಂಬುದು ಊರಿಗೆ ಗೊತ್ತಿತ್ತು. ಯಾರೂ ಬರೆದಿಡುವ ಅಗತ್ಯವಿರಲಿಲ್ಲ.

ಬರೆದಿಟ್ಟವರೂ ಇದ್ದಾರೆ. ಮನುಸ್ಮೃತಿಯ 8ನೆಯ ಅಧ್ಯಾಯದ 281ನೆಯ ಶ್ಲೋಕ ಆಸನದ ಬಗ್ಗೆಯೇ ಇದೆ. ಕೀಳುಜಾತಿಯವನು ಮೇಲುಜಾತಿಯವನ ಸರಿಸಮ ಒಂದೇ ಆಸನದಲ್ಲಿ ಕುಂದ್ರಲು ಬಯಸಿದರೆ ಅವನ ಸೊಂಟಕ್ಕೆ ಬರೆ ಹಾಕಿ ಊರು ಬಿಡಿಸಬೇಕು, ಇಲ್ಲವೆ ಅವನ ಕುಂಡಿಯನ್ನು ಸೀಳಬೇಕು ಎಂದು ಅದರ ವಿಧಿ. ಶಿಕ್ಷೆ ಬೀಳುವುದು ದೇಹದ ಯಾವ ಭಾಗಕ್ಕೆ ಎಂಬುದನ್ನು ಗಮನಿಸಬೇಕು. ಕುಂದ್ರುವ ಅಂಗಕ್ಕೇ ಶಿಕ್ಷೆ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಸಂಗಾತಿಗಳು ಸುಟ್ಟ ಪುಸ್ತಕದಲ್ಲಿ ಈ ಶ್ಲೋಕವೂ ಇತ್ತು.

ಈ ಸಂಚಿಕೆಯಲ್ಲಿ ಕುರ್ಚಿಯ ಬಗ್ಗೆ ಬರೆಯುತ್ತೇನೆ ಎಂದಾಗ ಗೆಳೆಯರೊಬ್ಬರು, 'ಭೂಮಿ ಇಲ್ಲದವರ ಮುಂದ ಕುರ್ಚಿ ಪುರಾಣ ಯಾಕ ಮಾರಾಯಾ?' ಎಂದರು. ಪ್ರಶ್ನೆ ನ್ಯಾಯವಾದದ್ದು. ಉತ್ತರ ಕೊಡುವುದಕ್ಕೆ ಒಂದು ಘಟನೆ ಸಾಕು. 2019ರಲ್ಲಿ ಉತ್ತರಾಖಂಡದ ತೆಹ್ರಿ ಗಢವಾಲ ಜಿಲ್ಲೆಯ ಒಂದು ಮದುವೆಯಲ್ಲಿ ದಲಿತ ತರುಣನೊಬ್ಬ ಮೇಲ್ಜಾತಿಯವರ ಎದುರು ಕುರ್ಚಿಯ ಮೇಲೆ ಕುಂತು ಉಂಡ ಎಂಬ ಕಾರಣಕ್ಕೆ ಏಟು ತಿಂದು ಸತ್ತ. ಕುಂದ್ರುವುದಕ್ಕಾಗಿ ಜನ ಸತ್ತಿರುವಾಗ ಕುಂದ್ರುವ ವಸ್ತುವಿನ ಚರಿತ್ರೆಯನ್ನು ಸಣ್ಣ ವಿಷಯ ಎಂದು ಬಿಡಲಾಗದು. ದಲಿತ ವಿಮರ್ಶೆ ಕಾವ್ಯವನ್ನು ಓದಿದೆ, ಕಾದಂಬರಿಯನ್ನು ಓದಿದೆ, ಭಾಷೆಯೊಳಗೆ ಅಡಗಿ ಕುಂತ ಯಜಮಾನಿಕೆಯನ್ನು ಬಯಲಿಗೆ ಎಳೆದಿದೆ. ಅದೇ ಕಣ್ಣಿನಿಂದ ವಸ್ತುಗಳನ್ನೂ ಓದಬೇಕಾಗಿದೆ. ಪಠ್ಯದಲ್ಲಿರುವ ಹಾಗೆಯೇ ವಸ್ತುವಿನಲ್ಲೂ ಮೌನಗಳಿರುತ್ತವೆ.

ನಮ್ಮ ಸೀಮೆಯಿಂದಲೇ ಶುರುಮಾಡೋಣ. ಪಾರಿಶ್ವಾಡ ಖಾನಾಪುರ ತಾಲೂಕಿನ ಮೂಡಣ ಭಾಗದ ಊರು. ಇಲ್ಲಿಂದ ಪಡುವಣಕ್ಕೆ ಹೋದಂತೆ ಕಾಡು, ಮಳೆ, ಮರಾಠಿ. ಮೂಡಣಕ್ಕೆ ಬಂದಂತೆ ಬಯಲು ಹೊಲ, ಕನ್ನಡ. ಇಂಥ ಊರುಗಳಲ್ಲಿ ವತನದ ವ್ಯವಸ್ಥೆ ಶತಮಾನಗಳ ಕಾಲ ನಡೆಯಿತು. ಗೌಡಕಿ, ಕುಲಕರ್ಣಿಕಿ ಕುಂತು ಮಾಡುವ ವತನಗಳು. ಚಾವಡಿಯಲ್ಲಿ ಗಾದಿಯ ಮೇಲೆ ಕುಂತು ಒಬ್ಬ ಹುಕುಂ ಮಾಡುತ್ತಿದ್ದ, ಇನ್ನೊಬ್ಬ ಬರೆಯುತ್ತಿದ್ದ. ಹೊಲೆಯರ, ಮಹಾರರ ವತನ ನಿಂತು, ನಡೆದು, ಓಡಿ ಮಾಡುವಂಥದ್ದು. ಸರಕಾರದ ಸಾಮಾನು ಹೊರುವುದು, ಓಲೆ ಒಯ್ಯುವುದು, ರೈತರನ್ನು ಕರೆತರುವುದು, ಸತ್ತ ದನ ಎಳೆಯುವುದು. ಹಗಲು ರಾತ್ರಿ ಯಾವಾಗ ಕೂಗಿದರೂ ಅಂಗಳದಲ್ಲಿ ನಿಂತಿರಬೇಕು. 'ಚಾವಡಿಗಿ ಹ್ವಾದ್ರ ನಿಂದ್ರೂದ, ಕುಂದ್ರೂ ಮಾತ ಇಲ್ಲ' ಎಂದು ಕೇರಿಯ ಹಿರೀಕರು ಹೇಳುವುದನ್ನು ನನ್ನ ವಯಸ್ಸಿನವರೂ ಕೇಳಿದ್ದೇವೆ. ಮುಂಬಯಿ ಶಾಸನಸಭೆಯಲ್ಲಿ 1928ರಲ್ಲಿ ಅಂಬೇಡ್ಕರರು 1874ರ ವಂಶಪಾರಂಪರ್ಯ ಹುದ್ದೆಗಳ ಕಾಯದೆಯ ತಿದ್ದುಪಡಿಗೆ ಮಸೂದೆ ತಂದದ್ದು ಈ ನಿಂದ್ರುವ ಗುಲಾಮಗಿರಿಯ ವಿರುದ್ಧ. ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯದೆ ಬಂದದ್ದು 1961ರಲ್ಲಿ.

ಬ್ರಿಟಿಷರು ಈ ಕ್ರಮವನ್ನು ಮುರಿಯಲಿಲ್ಲ. ಅದರ ಮೇಲೊಂದು ಹೊಸ ಅಂತಸ್ತು ಕಟ್ಟಿದರು. ಸಾಹೇಬನ ಎದುರು ಕುರ್ಚಿಯ ಮೇಲೆ ಕುಂದ್ರಲು ಯೋಗ್ಯರು ಯಾರು ಎಂಬುದಕ್ಕೆ ಉತ್ತರ ಹಿಂದೂಸ್ಥಾನದಲ್ಲಿ 'ಕುರ್ಸಿ ನಶೀನ್' ಎಂಬ ಮಾನ್ಯತೆಯನ್ನೇ ಕೊಟ್ಟರು. ಅದಕ್ಕೆ ಪ್ರಮಾಣಪತ್ರ ಬೇರೆ. ಗಾದಿಯ ಮೇಲೆ ಕುಂತಿದ್ದವನು ಸಾಹೇಬನ ಎದುರು ಕುರ್ಚಿಗಾಗಿ ಅರ್ಜಿ ಹಾಕುವಂತಾಯಿತು. ಕೇರಿಯವರು ಮಾತ್ರ ಎರಡೂ ಅಂತಸ್ತುಗಳ ಕೆಳಗೆ ನಿಂತೇ ಇದ್ದರು. ಅಂಬೇಡ್ಕರರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ತಮ್ಮ ಶಾಲೆಯ ದಿನಗಳನ್ನು ನೆನೆದಿದ್ದಾರೆ. ತರಗತಿಯ ಮೂಲೆಯಲ್ಲಿ ಅವರಿಗೆ ಒಂದು ಗೋಣಿತಟ್ಟು. ಸಂಜೆ ಅದನ್ನು ಮನೆಗೆ ಒಯ್ಯಬೇಕು, ಮುಂಜಾನೆ ಮತ್ತೆ ತರಬೇಕು. ಶಾಲೆಯ ಜವಾನ ಅದನ್ನು ಮುಟ್ಟುತ್ತಿರಲಿಲ್ಲ. ಆಸನವನ್ನು ಹೊತ್ತುಕೊಂಡು ತಿರುಗಬೇಕಾದ ಹುಡುಗನ ಚರಿತ್ರೆ ನಮ್ಮದು.

2

ಈಗ ವಿನ್ಯಾಸದ ಚರಿತ್ರೆ ಬರೆಯುವವರ ಕಡೆ ಬರೋಣ. ಅವರ ಪುಸ್ತಕಗಳಲ್ಲಿ ಆಧುನಿಕ ಆರಾಮ ಕುರ್ಚಿಯ ಕತೆ ಹೆಚ್ಚಾಗಿ ಯುರೋಪಿನಲ್ಲಿ ಹುಟ್ಟಿ ಅಲ್ಲೇ ಬೆಳೆಯುತ್ತದೆ. 1859ರಲ್ಲಿ ವಿಯೆನ್ನಾದ ಥೋನೆಟ್ ಕಂಪನಿ ಹಬೆಯಲ್ಲಿ ಬಗ್ಗಿಸಿದ ಕಟ್ಟಿಗೆ, ಬೆತ್ತದ ಹೆಣಿಗೆಯ 14ನೆಯ ನಂಬರಿನ ಕುರ್ಚಿ ಮಾಡಿತು. ಬಿಚ್ಚಿ ಪೆಟ್ಟಿಗೆಯಲ್ಲಿ ತುಂಬಿ ಲೋಕದ ಮೂಲೆಮೂಲೆಗೆ ಕಳಿಸಬಹುದಾದ ಕುರ್ಚಿ ಅದು. 1925ರಲ್ಲಿ ಜರ್ಮನಿಯ ಬೌಹೌಸ್ ಶಾಲೆಯ ಮಾರ್ಸೆಲ್ ಬ್ರಾಯರ್ ಸೈಕಲ್ಲಿನ ಹ್ಯಾಂಡಲ್ ನೋಡಿ ಉಕ್ಕಿನ ಕೊಳವೆಯ ಕೈಕುರ್ಚಿ ಮಾಡಿದ. 1928ರಲ್ಲಿ ಪ್ಯಾರಿಸ್ಸಿನ ಲೆ ಕಾರ್ಬ್ಯೂಸಿಯೆ, ಅವನ ಸಂಬಂಧಿ ಪಿಯೇರ್ ಜೀನರೆ, ತರುಣಿ ಶಾರ್ಲೊಟ್ ಪೆರಿಯಾಂ ಮೂವರೂ ಕೂಡಿ, ಬೆನ್ನು ಹಿಂದೆ-ಮುಂದೆ ಓಲುವ ಕೈಕುರ್ಚಿ ಮಾಡಿದರು. ಹಳೆಯ ಕಾಲದ ಮೆತ್ತೆ, ಕೆತ್ತನೆ, ಜರತಾರಿಗಳನ್ನು ಕಿತ್ತೆಸೆದ ಈ ಕುರ್ಚಿಗಳು ಕುಂದ್ರುವುದನ್ನು ದೇಹದ ಒಂದು ಅಗತ್ಯ ಎಂದಷ್ಟೇ ನೋಡಿದವು. ಅಂತಸ್ತಿನ ಪ್ರದರ್ಶನ ಅವಕ್ಕೆ ಬೇಕಿರಲಿಲ್ಲ. ಆಧುನಿಕತೆಯ ದೊಡ್ಡ ಆಶ್ವಾಸನೆ ಅದು.

ಈ ಕತೆಯ ಒಂದು ಬೇರು ಭಾರತದಲ್ಲಿದೆ. ಆ ಓಲುವ ಕುರ್ಚಿಯ ಹಿಂದೆ ವಸಾಹತು ಸೈನ್ಯದ ಮಡಚುವ ಕುರ್ಚಿ ಇರುವುದನ್ನು ವಿನ್ಯಾಸದ ಚರಿತ್ರೆಕಾರರು ಗುರುತಿಸಿದ್ದಾರೆ. ಅದರ ಹೆಸರು ರೂರ್ಕಿ ಕುರ್ಚಿ. 19ನೆಯ ಶತಮಾನದ ಕೊನೆಗೆ ಉತ್ತರ ಭಾರತದ ರೂರ್ಕಿಯ ಸೈನ್ಯದ ಎಂಜಿನಿಯರರ ಠಾಣೆಯಿಂದ ಆ ಹೆಸರು ಬಂತು. ಅಂಟು ಇಲ್ಲ, ಮೊಳೆ ಇಲ್ಲ. ನಾಲ್ಕು ಕಡೆದ ಕಾಲು, ಅವಕ್ಕೆ ತೂತು, ತೂತಿಗೆ ಸೇರುವ ಅಡ್ಡಪಟ್ಟಿ, ಕುಂದ್ರಲು ಕ್ಯಾನ್ವಾಸು, ಕೈ ಇಡಲು ತೊಗಲಿನ ಪಟ್ಟಿ. ಬಿಚ್ಚಿದರೆ ಒಂದು ಕಟ್ಟು, ಹೇಸರಗತ್ತೆಯ ಮೇಲೆ ಹೇರಬಹುದು. ನೆಲ ಏರುತಗ್ಗಾಗಿದ್ದರೂ ನಾಲ್ಕೂ ಕಾಲು ಊರಿ ನಿಲ್ಲುತ್ತದೆ. 1933ರಲ್ಲಿ ಡೆನ್ಮಾರ್ಕಿನ ಕೋರೆ ಕ್ಲಿಂಟ್ ಇದೇ ಜಾತಿಯ ಕುರ್ಚಿಯನ್ನು 'ಸಫಾರಿ' ಎಂಬ ಹೆಸರಿನಲ್ಲಿ ಮಾಡಿದ. ಅದು ಇಂದಿಗೂ ಆಧುನಿಕ ವಿನ್ಯಾಸದ ಮಾದರಿ ಎನಿಸಿಕೊಂಡಿದೆ.

ಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ನಾವು ತೊಗಲಿನ ಪಟ್ಟಿಯನ್ನು ಹಿಡಿದು ಮುಂದೆ ಹೋಗಬೇಕು. ಸೈನ್ಯಕ್ಕೆ ಬೇಕಾದ ಜೀನು, ಪಟ್ಟಿ, ಬೂಟುಗಳನ್ನು ಕಾನಪುರದ ಕಾರ್ಖಾನೆಗಳು ಒದಗಿಸುತ್ತಿದ್ದವು. ಅಲ್ಲಿ ತೊಗಲಿನ ಕೆಲಸಕ್ಕೆ ಕೈಹಾಕಿದವರಲ್ಲಿ ಹೆಚ್ಚಿನವರು ಚಮಾರರು. ಸತ್ತ ದನ ಎಳೆದು, ಸುಲಿದು, ಸುಣ್ಣದಲ್ಲಿ ನೆನೆಸಿ, ಕೂದಲು ಕೆರೆದು, ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿಯ ಒಗರಿನಲ್ಲಿ ವಾರಗಟ್ಟಲೆ ಇಟ್ಟು ಹದ ಮಾಡುವ ವಿದ್ಯೆ ನಮ್ಮ ಸೀಮೆಯಲ್ಲಿ ದೋಹಾರರದು, ಮಾದಿಗರದು, ಸಮಗಾರರದು. ಕಲ್ಯಾಣದ ಶರಣರಲ್ಲಿ ಒಬ್ಬನಾದ ದೋಹಾರ ಕಕ್ಕಯ್ಯನ ಸಮಾಧಿ ಇರುವುದು ಇದೇ ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಎಂದು ಜನ ನಂಬಿ ನಡೆದುಕೊಳ್ಳುತ್ತಾರೆ. ತೊಗಲು ಹದ ಮಾಡುವವನು ಶರಣರ ನಡುವೆ ಸರಿಸಮ ಕುಂತ ಆ ಕಾಲ ಎಷ್ಟು ದಿನ ಬಾಳಿತು, ಅದಕ್ಕೆ ಹರಳಯ್ಯ ತೆತ್ತ ಬೆಲೆ ಏನು ಎಂಬುದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ. ಆ ಹದದ ತೊಗಲು ಸಾಹೇಬನ ಮೊಣಕೈಗೆ ಆಸರೆಯಾಯಿತು. ಹದ ಮಾಡಿದ ಕೈ ಮೈಲಿಗೆಯಾಗಿ ಉಳಿಯಿತು, ತೊಗಲು ಮಾತ್ರ ಮೈಲಿಗೆ ಕಳಕೊಂಡು ಬಂಗಲೆಯ ಒಳಗೆ ಹೋಯಿತು. ಜಾತಿ ವ್ಯವಸ್ಥೆಯ ಲೆಕ್ಕಾಚಾರ ಹೀಗೆ ವಸ್ತುವನ್ನು ಶುದ್ಧಮಾಡಬಲ್ಲದು, ಮನುಷ್ಯನನ್ನು ಮಾಡಲಾರದು.

ಬೆಳಗಾವಿ ಕ್ಯಾಂಪಿನ ಊರು. ಸೈನ್ಯದಲ್ಲಿ ಯಾರು ಕುಂತರು, ಯಾರು ನಿಂತರು ಎಂಬುದಕ್ಕೂ ಇಲ್ಲಿ ಸಾಕ್ಷಿಯಿದೆ. ಮುಂಬಯಿ ಸೈನ್ಯದಲ್ಲಿ ಮಹಾರರು ತಲೆಮಾರುಗಳ ಕಾಲ ದುಡಿದಿದ್ದರು. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಳರು ಸುಭೇದಾರರಾಗಿದ್ದವರು. 1890ರ ದಶಕದ ಆರಂಭದಲ್ಲಿ ಮಹಾರರ ಭರ್ತಿಯನ್ನೇ ನಿಲ್ಲಿಸಲಾಯಿತು. 'ವೀರ ಜಾತಿ'ಗಳ ಸಿದ್ಧಾಂತ ಆಗ ಸೈನ್ಯವನ್ನು ಆಳುತ್ತಿತ್ತು. ಮಹಾರ ಸುಭೇದಾರನಿಗೆ ಸಲಾಮು ಹೊಡೆಯುವುದು ಮೇಲ್ಜಾತಿಯ ಸಿಪಾಯಿಗಳಿಗೆ ಒಗ್ಗುತ್ತಿರಲಿಲ್ಲ. ರೂರ್ಕಿ ಕುರ್ಚಿ ಸೈನ್ಯದೊಳಗೆ ಬಂದ ದಶಕವೂ ಅದೇ. ಒಬ್ಬರಿಗೆ ಎಲ್ಲೆಂದರಲ್ಲಿ ಹೊತ್ತೊಯ್ದು ಹಾಕಬಹುದಾದ ಕುರ್ಚಿ, ಇನ್ನೊಬ್ಬರಿಗೆ ನಿಂದ್ರಲೂ ಜಾಗವಿಲ್ಲ. ಮೊದಲ ಮಹಾಯುದ್ಧದಲ್ಲಿ ಮಹಾರರ ತುಕಡಿಯೊಂದನ್ನು ಕಟ್ಟಿ, ಕೆಲಸ ಮುಗಿದ ಮೇಲೆ ಮುರಿದು ಹಾಕಿದರು. ಅಂಬೇಡ್ಕರರ ಒತ್ತಾಯದ ಮೇಲೆ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಮತ್ತೆ ಎದ್ದು ನಿಂತದ್ದು 1941ರ ಅಕ್ಟೋಬರ್ 1ರಂದು, ಈ ಬೆಳಗಾವಿಯಲ್ಲಿಯೇ. ನಮ್ಮ ಜಿಲ್ಲೆಯ ಚರಿತ್ರೆ ಎಂದು ಕೋಟೆ, ಕಿತ್ತೂರು, ಗಡಿ ಜಗಳಗಳನ್ನು ಓದುವ ನಮ್ಮ ವಿದ್ಯಾರ್ಥಿಗಳಲ್ಲಿ ಈ ದಿನವನ್ನು ಬಲ್ಲವರು ಕಡಿಮೆ.

3

ತೊಗಲಿನ ಹಾಗೆಯೇ ಕಟ್ಟಿಗೆ ಮತ್ತು ಬೆತ್ತದ ಕತೆಯೂ ಇದೆ. ನಮ್ಮ ಕಡೆಯ ವಾಡೆಗಳಲ್ಲಿ, ಇನ್‌ಸ್ಪೆಕ್ಷನ್ ಬಂಗಲೆಗಳಲ್ಲಿ ಉದ್ದ ಕೈಯ ಆರಾಮ ಕುರ್ಚಿಗಳನ್ನು ನೋಡಿರುತ್ತೀರಿ. ಸಾಗವಾನಿಯ ಚೌಕಟ್ಟು, ಬೆತ್ತದ ಹೆಣಿಗೆ, ಕಾಲು ಚಾಚಿ ಇಡಲು ಹೊರಗೆ ಎಳೆಯುವ ಪಟ್ಟಿ. ಕುಂತವನು ಕಾಲು ಮೇಲಿಟ್ಟರೆ ಅವನ ಬೂಟು ಎದುರು ನಿಂತವನ ಎದೆಯ ಮಟ್ಟಕ್ಕೆ ಬರುತ್ತದೆ. ನಿಂತು ನೋಡಿದವರಿಗೆ ಮಾತ್ರ ಈ ವಿನ್ಯಾಸದ ಅರ್ಥ ಪೂರ್ತಿ ತಿಳಿಯುತ್ತದೆ.

ಸಾಗವಾನಿ ಎಲ್ಲಿಂದ ಬರುತ್ತಿತ್ತು? ಖಾನಾಪುರ, ಲೋಂಡಾ, ದಾಂಡೇಲಿಯ ಕಾಡುಗಳಿಂದ. 1847ರಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಮುಂಬಯಿ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ. ಹಡಗಿಗೆ, ಆಮೇಲೆ ರೈಲಿನ ಸ್ಲೀಪರಿಗೆ ಕಟ್ಟಿಗೆ ಬೇಕಾಗಿತ್ತು. ಕುಮರಿ ಬೇಸಾಯದವರನ್ನು ಕಾಡಿನ ಶತ್ರುಗಳೆಂದು ಕರೆದು ಹೊರಹಾಕುವುದು ಶುರುವಾಯಿತು. 1878ರ ಅರಣ್ಯ ಕಾಯದೆ ಕಾಡಿಗೆ ಬೇಲಿ ಹಾಕಿತು. 1880ರ ದಶಕದಲ್ಲಿ ಲೋಂಡಾದ ಮೇಲೆ ರೈಲು ಹಾದುಹೋಯಿತು. ಸೌದೆಗೆ ಕಾಡಿಗೆ ಹೋದವನು ಕಳ್ಳನಾದ. ಕಾಡನ್ನೇ ಸಾಗಿಸಿದವನು ಸಂರಕ್ಷಕನಾದ.

ಬಿದಿರು, ಬೆತ್ತದ ಕಸುಬು ಮೇದಾರರದು. ಬಿದಿರು ಸೀಳಿ ಬುಟ್ಟಿ, ಮೊರ, ತಟ್ಟಿ, ಕಣಜ ಹೆಣೆಯುವವರು ಅವರು. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಪಂಗಡದಲ್ಲಿ ಎಣಿಕೆಯಾಗುತ್ತಾರೆ. ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ 1950ರ ದಶಕದ ಕೊನೆಗೆ ಶುರುವಾಯಿತು. ಅದಕ್ಕೆ ಸರಕಾರ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಕೊಟ್ಟಿತ್ತು ಎಂದು ಮಾಧವ ಗಾಡ್ಗೀಳರು ಬರೆದಿದ್ದಾರೆ. ಅದೇ ಬಿದಿರಿಗೆ ಬುಟ್ಟಿ ಹೆಣೆಯುವವರು ಪೇಟೆಯ ದರ ಕೊಡಬೇಕಿತ್ತು, ಅದೂ ಹಲವು ನೂರು ಪಟ್ಟು ಹೆಚ್ಚು. ಬುಟ್ಟಿ ಹೆಣೆಯುವವರ ದೂರು ಎದ್ದ ಮೇಲೆಯೇ 1970ರ ದಶಕದಲ್ಲಿ ಈ ಬಗ್ಗೆ ತನಿಖೆ, ಅಧ್ಯಯನ ನಡೆದದ್ದು. ನಾವು ಬರೆಯುವ ಹಾಳೆಯ ಹಿಂದೆಯೂ ಇಂಥ ಲೆಕ್ಕ ಇದೆ ಎಂಬುದನ್ನು ಲೇಖಕರಾದ ನಾವು ನೆನಪಿಡಬೇಕು.

ಕುರ್ಚಿಯ ಬೆತ್ತ ಹೆಣೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಬೆತ್ತದ ಸಿಪ್ಪೆಯನ್ನು ಒಂದೇ ಅಗಲಕ್ಕೆ ಸೀಳಬೇಕು, ನೀರಲ್ಲಿ ನೆನೆಸಬೇಕು, ಚೌಕಟ್ಟಿನ ತೂತುಗಳಲ್ಲಿ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಎಳೆಯಬೇಕು. ಒಣಗಿದಂತೆ ಅದು ಬಿಗಿಯಾಗುತ್ತದೆ. ಬೆರಳು ಸೀಳುತ್ತದೆ. ಸರಕಾರಿ ಕಚೇರಿಗಳ ಹರಿದ ಕುರ್ಚಿಗಳಿಗೆ ಮತ್ತೆ ಬೆತ್ತ ಹಾಕುವ ಕೆಲಸವನ್ನು ಈ ದೇಶದಲ್ಲಿ ಬಹಳ ವರ್ಷ ಕುರುಡರಿಗೆ ಎಂದು ಇಟ್ಟಿದ್ದರು. ಅಂಧರ ಶಾಲೆಗಳಲ್ಲಿ ಅದನ್ನು ಕಲಿಸುತ್ತಿದ್ದರು. ಸಾಹೇಬನ ಬೆನ್ನಿಗೆ ಗಾಳಿ ಆಡಲಿ ಎಂದು ತೂತು ತೂತಾಗಿ ಹೆಣೆದ ಆ ಚೆಲುವನ್ನು ಅದನ್ನು ಮಾಡಿದವರಲ್ಲಿ ಹಲವರು ಬೆರಳಿನಿಂದ ಮಾತ್ರ ಬಲ್ಲರು.

ಇಲ್ಲಿ ಒಂದು ಎಚ್ಚರ ಬೇಕು. ಕುಶಲಕರ್ಮಿಯ ಕೈಯನ್ನು ಹಾಡಿಹೊಗಳುವ ಒಂದು ದೇಸೀ ಪಂಥ ನಮ್ಮ ವಿಮರ್ಶೆಯಲ್ಲಿದೆ. ಪಶ್ಚಿಮದ ಯಂತ್ರಕ್ಕೆ ಎದುರಾಗಿ ನಮ್ಮ ಬಡಿಗ, ಕುಂಬಾರ, ಸಮಗಾರರ ವಿದ್ಯೆಯನ್ನು ನಿಲ್ಲಿಸುವುದು ಅದರ ಕ್ರಮ. ದೋಹಾರನ ಮಗ ಮತ್ತೆ ಸುಣ್ಣದ ಗುಂಡಿಗೆ ಇಳಿಯಲಿ, ಮೇದಾರ ಹುಡುಗಿ ಮತ್ತೆ ಬಿದಿರು ಸೀಳಲಿ ಎಂಬುದು ನನ್ನ ವಾದ ಖಂಡಿತ ಅಲ್ಲ. ಜಾತಿ ಕೆಲಸದ ವಿಭಜನೆಯಷ್ಟೇ ಆಗಿರದೆ ಕೆಲಸಗಾರರ ವಿಭಜನೆ ಎಂದು 1936ರಲ್ಲೇ ಅಂಬೇಡ್ಕರರು ತೋರಿಸಿಕೊಟ್ಟಿದ್ದಾರೆ. ಸತ್ತ ದನ ಎಳೆಯುವುದನ್ನು ಬಿಡಿ ಎಂದು ಅವರು ಹೇಳಿದ್ದು ವಿದ್ಯೆಯ ಮೇಲಿನ ಅಗೌರವದಿಂದ ಅಲ್ಲ. ಆ ವಿದ್ಯೆಗೆ ಹುಟ್ಟಿನ ಸಂಕೋಲೆ ಹಾಕಲಾಗಿತ್ತು ಎಂಬ ಕಾರಣದಿಂದ. 1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರಕಾರಕ್ಕೆ ವಿನ್ಯಾಸದ ಬಗ್ಗೆ ಒಂದು ವರದಿ ಕೊಟ್ಟರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಬಂತು. ಎರಡು ವರ್ಷ ಮೊದಲಷ್ಟೇ, 1956ರಲ್ಲಿ, ಲೋಕಪ್ರಸಿದ್ಧ ಆರಾಮ ಕುರ್ಚಿಯೊಂದನ್ನು ಮಾಡಿದ್ದ ಅವರು ಆ ವರದಿಯಲ್ಲಿ ಬಹುವಾಗಿ ಮೆಚ್ಚಿದ್ದು ನಮ್ಮ ತಂಬಿಗೆಯನ್ನು, ಅಂದರೆ ಲೋಟಾವನ್ನು. ಅದರ ಆಕಾರ, ತೂಕ, ಹಿಡಿತ, ಸುರಿಯುವ ಬಗೆ ಎಲ್ಲವನ್ನೂ ವಿಚಾರಿಸಿದರು. ಆ ತಂಬಿಗೆಯನ್ನು ಯಾರು ಮುಟ್ಟಬಹುದು, ಯಾರಿಗೆ ಮೇಲಿನಿಂದ ಬೊಗಸೆಗೆ ಸುರಿಯಲಾಗುತ್ತದೆ ಎಂದು ವಿಚಾರಿಸಲಿಲ್ಲ. ಕೇರಿಯ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು.

4

ಕುರ್ಚಿಯ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಚಂಡೀಗಢದ ಕುರ್ಚಿ. ದೇಶ ಒಡೆದು ಲಾಹೋರು ಆಚೆ ಉಳಿದಾಗ ಪಂಜಾಬಕ್ಕೆ ಹೊಸ ರಾಜಧಾನಿ ಬೇಕಾಯಿತು. 1950ರ ದಶಕದ ಆರಂಭದಲ್ಲಿ ಲೆ ಕಾರ್ಬ್ಯೂಸಿಯೆ ಬಂದ. ಜೊತೆಗೆ ಪಿಯೇರ್ ಜೀನರೆ ಬಂದು 1965ರವರೆಗೂ ಅಲ್ಲೇ ಉಳಿದ. ಸೆಕ್ರೆಟೇರಿಯೇಟು, ಹೈಕೋರ್ಟು, ಶಾಸಕರ ಭವನ, ಪಂಜಾಬ್ ವಿಶ್ವವಿದ್ಯಾಲಯ, ಗ್ರಂಥಾಲಯಗಳಿಗೆ ಸಾವಿರಾರು ಕುರ್ಚಿ ಬೇಕು, ದುಡ್ಡು ಕಡಿಮೆ. ಜೀನರೆ ಮತ್ತು ಅವನ ಭಾರತೀಯ ಸಹೋದ್ಯೋಗಿಗಳು ಸಣ್ಣ ಅಂಗಡಿಯ ಬಡಿಗನೂ ಮಾಡಬಹುದಾದ ಮಾದರಿಗಳನ್ನು ಬರೆದರು. ತಿರುಗಿಸಿಟ್ಟ ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಕಾಲು, ಅದರ ಮೇಲೆ ಅಡ್ಡ ಕೂತ ಕೈ, ಸಾಗವಾನಿ, ಬೆತ್ತ. ಅಲ್ಲಿಯ ಸ್ಥಳೀಯ ಬಡಿಗರು ಅವನ್ನು ಸಾವಿರಗಟ್ಟಲೆ ಮಾಡಿಕೊಟ್ಟರು. ಭಾರತದ ದಂಡಿನಿಂದ ಪ್ಯಾರಿಸ್ಸಿಗೆ ಹೋಗಿದ್ದ ಕುರ್ಚಿಯ ಕಲ್ಪನೆ ಅದೇ ಜೀನರೆಯ ಕೈಯಲ್ಲಿ ತಿರುಗಿ ಭಾರತಕ್ಕೆ ಬಂತು. ಈ ಸಲ ಅದು ಗಣರಾಜ್ಯದ ಕಚೇರಿಗೆ ಬಂತು.

ಆ ಕುರ್ಚಿಗಳ ಹಿಂದೆ ಬಿಳಿ ಬಣ್ಣದಲ್ಲಿ ಇಲಾಖೆಯ ಹೆಸರು, ನಂಬರು ಬರೆದಿರುತ್ತಿದ್ದರು. ನನಗೆ ಈ ಕುರ್ಚಿಯ ಎಲ್ಲಕ್ಕಿಂತ ದೊಡ್ಡ ಸಂಗತಿ ಅದರ ಕಾಲುಗಳ ಚೆಲುವು ಅಲ್ಲ, ಆ ನಂಬರು. ಗೌಡರ ಗಾದಿಯ ಮೇಲೆ ನಂಬರು ಇರಲಿಲ್ಲ. ಅದು ಮನೆತನಕ್ಕೆ ಸೇರಿತ್ತು. ನಂಬರು ಬಿದ್ದ ಕುರ್ಚಿ ಹುದ್ದೆಗೆ ಸೇರಿದ್ದು. ಇವತ್ತು ಒಬ್ಬ ಕುಂದ್ರುತ್ತಾನೆ, ನಾಳೆ ವರ್ಗವಾಗಿ ಹೋಗುತ್ತಾನೆ, ಇನ್ನೊಬ್ಬಳು ಬಂದು ಕುಂದ್ರುತ್ತಾಳೆ. ಯಾವ ಜಾತಿಯಲ್ಲಿ ಹುಟ್ಟಿದಳು ಎಂದು ಕುರ್ಚಿ ಕೇಳುವಂತಿಲ್ಲ. ಸಂವಿಧಾನ ಕೊಟ್ಟ ಆಸನ ಇಂಥದ್ದು. ವತನದ ಸರಿಯಾದ ವಿರುದ್ಧಪದ ಈ ಸರಕಾರಿ ಕುರ್ಚಿ. ನಮ್ಮಲ್ಲಿ ಮೊದಲ ತಲೆಮಾರಿನವರು ಗುಮಾಸ್ತರಾಗಿ, ಮಾಸ್ತರರಾಗಿ, ತಲಾಟಿಗಳಾಗಿ ಕುಂತದ್ದು ಇಂಥ ಕುರ್ಚಿಗಳ ಮೇಲೆ. ಅವು ಮುರುಕು ಇರಬಹುದು, ತಿಗಣೆ ಇರಬಹುದು. ಅವು ನಮ್ಮ ಮನೆಗಳಿಗೆ ಅಕ್ಷರ ತಂದವು. ಸರಕಾರಿ ನೌಕರಿಯ ಕುರ್ಚಿಯನ್ನು ಗುಮಾಸ್ತಗಿರಿ ಎಂದು ಗೇಲಿ ಮಾಡುವ ಸಾಹಿತಿಗಳು ಅದನ್ನು ಕಿಟಕಿಯ ಒಳಗಿನಿಂದ ನೋಡಿದವರು. ಅರ್ಜಿ ಹಿಡಿದು ಕಿಟಕಿಯ ಹೊರಗೆ ನಿಂತವರಿಗೆ ಅದು ಬೇರೆಯೇ ಕಾಣುತ್ತಿತ್ತು.

ಮುಂದೆ ಏನಾಯಿತು? ಕಾಲ ಕಳೆದಂತೆ ಚಂಡೀಗಢದ ಕುರ್ಚಿಗಳು ಹಳತಾದವು. ಬೆತ್ತ ಹರಿಯಿತು. ಮಾಳಿಗೆಯ ಮೇಲೆ, ಅಂಗಳದ ಮೂಲೆಯಲ್ಲಿ ಗುಡ್ಡೆ ಬಿದ್ದವು. ಕಚೇರಿಗೆ ಉಕ್ಕಿನ, ಪ್ಲಾಸ್ಟಿಕ್ಕಿನ ಕುರ್ಚಿ ಬಂದವು. 1990ರ ದಶಕದ ಕೊನೆಯಿಂದ ಸರಕಾರಿ ಹರಾಜಿನಲ್ಲಿ ಗುಜರಿ ದರಕ್ಕೆ ಹೋದ ಆ ಕುರ್ಚಿಗಳನ್ನು ಪ್ಯಾರಿಸ್ಸಿನ ವ್ಯಾಪಾರಿಗಳು ಕೊಂಡು, ಹಡಗಿಗೆ ಹಾಕಿ ಒಯ್ದು, ರಿಪೇರಿ ಮಾಡಿ ಮಾರಿದರು. ನ್ಯೂಯಾರ್ಕು, ಲಂಡನ್ನು, ಪ್ಯಾರಿಸ್ಸಿನ ಹರಾಜುಗಳಲ್ಲಿ ಅವು ಲಕ್ಷಗಟ್ಟಲೆ ರೂಪಾಯಿಗೆ ಹೋದವು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಅವುಗಳ ಮಾರಾಟ, ಸಾಗಾಟವನ್ನು ತಡೆಯಲು ಆದೇಶ ಹೊರಡಿಸಿತು. 2013ರಲ್ಲಿ ಏಮಿ ಸೀಗಲ್ ಎಂಬ ಕಲಾವಿದೆ 'ಪ್ರಾವೆನೆನ್ಸ್' ಎಂಬ ಚಿತ್ರದಲ್ಲಿ ಈ ಪಯಣವನ್ನು ಹಿಂದುಮುಂದಾಗಿ ತೋರಿಸಿದಳು. ಶ್ರೀಮಂತರ ಮನೆಯಿಂದ ಹರಾಜಿಗೆ, ಹರಾಜಿನಿಂದ ಹಡಗಿಗೆ, ಹಡಗಿನಿಂದ ಚಂಡೀಗಢದ ಕಚೇರಿಗೆ. ಒಳ್ಳೆಯ ಚಿತ್ರ. ಅಲ್ಲಿಂದಲೂ ಹಿಂದೆ, ಬಡಿಗನ ಅಂಗಡಿಗೆ, ಬೆತ್ತದವನ ಗುಡಿಸಲಿಗೆ ಹೋಗುವ ದಾರಿಯನ್ನು ನಮ್ಮವರೇ ಹುಡುಕಬೇಕು.

ಇಂದು ಆ ನಂಬರು ಬಿದ್ದ ಬೆನ್ನುಪಟ್ಟಿಯೇ ಕುರ್ಚಿಯ ಬೆಲೆ ಹೆಚ್ಚಿಸುತ್ತದೆ, ಅಸಲಿ ಎಂಬುದಕ್ಕೆ ಪುರಾವೆ ಎಂದು. ಇದು ಸಾರ್ವಜನಿಕರದು ಎಂದು ಹೇಳುತ್ತಿದ್ದ ಗುರುತು ಖಾಸಗಿ ಮನೆಯ ಒಡವೆಯಾಗಿದೆ. ಹೆಸರಿನ ಜಗಳವೂ ನಡೆದಿದೆ. 1928ರ ಕುರ್ಚಿಗಳಿಗೆ ದಶಕಗಳ ಕಾಲ ಕಾರ್ಬ್ಯೂಸಿಯೆಯ ಹೆಸರೊಂದೇ ಇತ್ತು. ಸ್ತ್ರೀವಾದಿ ಚರಿತ್ರೆಕಾರರು ಪೆರಿಯಾಂಳ ಹೆಸರನ್ನು ಮೇಲೆ ತಂದರು. ಚಂಡೀಗಢದಲ್ಲಿ ಜೀನರೆಯ ಜೊತೆ ದುಡಿದ ಯೂಲಿ ಚೌಧರಿಯ ಹೆಸರನ್ನೂ ಈಗ ಹೇಳುತ್ತಾರೆ. ಇದು ಸರಿಯಾದ ಕೆಲಸ, ನಾವು ಅದರಿಂದ ಕಲಿಯಬೇಕು. ಆದರೆ ಈ ತಿದ್ದುಪಡಿಯೂ ನಕ್ಷೆ ಬರೆಯುವ ಮೇಜಿಗೆ ಬಂದು ನಿಲ್ಲುತ್ತದೆ. ರಂದಾ ಹೊಡೆದವನು, ಬೆತ್ತ ಎಳೆದವನು ಇನ್ನೂ 'ಸ್ಥಳೀಯ ಕುಶಲಕರ್ಮಿಗಳು' ಎಂಬ ಬಹುವಚನದಲ್ಲೇ ಇದ್ದಾರೆ. ಚರಿತ್ರೆಯಲ್ಲಿ ಏಕವಚನ ಸಿಗುವುದೂ ಒಂದು ಆಸನ ಸಿಕ್ಕಂತೆಯೇ.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಸರಕಾರಿ ಕುರ್ಚಿಗಳು ಗುಜರಿಗೆ ಹೋದ ಕಾಲ ಯಾವುದು? ಮಂಡಲ್ ವರದಿ ಜಾರಿಯಾದ, ಮೀಸಲಾತಿಯ ಮಕ್ಕಳ ಎರಡನೆಯ ತಲೆಮಾರು ಕಾಲೇಜು ಮುಗಿಸಿ ಬಂದ ಕಾಲ. 1991ರಿಂದ ಸರಕಾರದ ಉದ್ದಿಮೆಗಳ ಷೇರು ಮಾರಲು ಶುರುಮಾಡಿದ ಕಾಲ. ಕಾಯಂ ಹುದ್ದೆಗಳು ಕಮ್ಮಿಯಾಗಿ ಗುತ್ತಿಗೆ, ಅತಿಥಿ, ಹೊರಗುತ್ತಿಗೆ ಎಂಬ ಹೊಸ ಹೆಸರುಗಳು ಬಂದವು. ನಮ್ಮವರು ಕುರ್ಚಿಯ ಹತ್ತಿರ ಬರುವ ಹೊತ್ತಿಗೆ ಕುರ್ಚಿಯೇ ಹರಾಜಿಗೆ ಬಂತು. ಚಂಡೀಗಢದ ಗುಜರಿ ಹರಾಜಿಗೂ ಇದಕ್ಕೂ ನೇರ ಸಂಚಿನ ಸಂಬಂಧ ಇದೆ ಎಂದು ನಾನು ವಾದಿಸುತ್ತಿಲ್ಲ. ಆದರೆ ಸಾರ್ವಜನಿಕವಾದದ್ದೆಲ್ಲ ಹಳೆಯ ಸಾಮಾನು, ಮಾರಿಬಿಡಬಹುದಾದದ್ದು ಎಂಬ ಒಂದೇ ಮನಸ್ಸು ಎರಡರ ಹಿಂದೆಯೂ ಇದೆ.

5

ಪಾರಿಶ್ವಾಡದಂಥ ಊರುಗಳಿಗೆ ಜೀನರೆಯ ಕುರ್ಚಿ ಬರಲಿಲ್ಲ, ಬ್ರಾಯರನದೂ ಬರಲಿಲ್ಲ. ನಮಗೆ ಬಂದ ಆಧುನಿಕ ಕೈಕುರ್ಚಿ ಪ್ಲಾಸ್ಟಿಕ್ಕಿನದು. ಅದಕ್ಕೂ ವಿನ್ಯಾಸದ ಚರಿತ್ರೆ ಇದೆ. 1972ರಲ್ಲಿ ಫ್ರಾನ್ಸಿನ ಆಂರಿ ಮಾಸೊನೆ 'ಫೋತೈ 300' ಎಂಬ ಕುರ್ಚಿ ಮಾಡಿದ. ಆ ಹೆಸರಿನ ಅರ್ಥವೇ ಕೈಕುರ್ಚಿ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿದರೆ ಎರಡು ನಿಮಿಷದೊಳಗೆ ಇಡೀ ಕುರ್ಚಿ ಹೊರಬೀಳುತ್ತದೆ. ಸೇರಿಕೆ ಇಲ್ಲ, ತೊಗಲು ಇಲ್ಲ, ಬೆತ್ತ ಇಲ್ಲ. ಒಂದರ ಮೇಲೊಂದು ಪೇರಿಸಿ ಟೆಂಪೋದಲ್ಲಿ ಹೇರಬಹುದು. ವಿನ್ಯಾಸದ ಪಂಡಿತರಿಗೆ ಇದು ಕುರೂಪ. ಯುರೋಪಿನ ಕೆಲವು ನಗರಗಳು ಬೀದಿಯಲ್ಲಿ ಅದನ್ನು ಹಾಕಬಾರದೆಂದು ನಿಯಮ ಮಾಡಿವೆ. ನಮ್ಮ ಕೇರಿಗಳಲ್ಲಿ ಬಂದವರಿಗೆ 'ಬರ್ರೀ, ಕುಂದ್ರಿ' ಎಂದು ಮೊದಲು ಎಳೆದು ಹಾಕಿದ ಕುರ್ಚಿ ಇದೇ. ಸಾಗವಾನಿ ನಮ್ಮ ಕಾಡಿನಲ್ಲೇ ಬೆಳೆದಿತ್ತು, ನಮ್ಮ ಮನೆಗೆ ಬರಲಿಲ್ಲ. ಮಣ್ಣೆಣ್ಣೆಯ ಕುಲದ ಪ್ಲಾಸ್ಟಿಕ್ಕು ಬಂತು. ಕೈಯ ವಿದ್ಯೆ ಇಲ್ಲದ, ಜಾತಿಯ ಗುರುತು ಹತ್ತದ ವಸ್ತು ಎಂಬ ಕಾರಣಕ್ಕೇ ಅದು ನಮಗೆ ಸಲೀಸಾಗಿ ಒದಗಿತು ಎಂಬುದನ್ನು ದೇಸೀವಾದಿಗಳು ಯೋಚಿಸಬೇಕು.

ಶಾಮಿಯಾನದವನು ಬಾಡಿಗೆಗೆ ತರುವ ಕುರ್ಚಿಯಲ್ಲಿ ನಿನ್ನೆ ಯಾರು ಕುಂತಿದ್ದರು, ನಾಳೆ ಯಾರು ಕುಂದ್ರುತ್ತಾರೆ ಎಂದು ಯಾರಿಗೂ ತಿಳಿಯದು. ಮೇಲುಕೀಳನ್ನು ಕಾಪಾಡುವ ಜವಾಬ್ದಾರಿ ಆಗ ವಸ್ತುವಿನಿಂದ ಜಾರಿ ಮನುಷ್ಯರ ಕೈಗೆ ಬರುತ್ತದೆ. ಮೊದಲು ಗಾದಿ, ಗೋಣಿತಟ್ಟುಗಳ ಅಂತರವೇ ಆ ಕೆಲಸ ಮಾಡುತ್ತಿತ್ತು. ಈಗ ಕುರ್ಚಿಗಳೆಲ್ಲ ಒಂದೇ ಬಣ್ಣ, ಒಂದೇ ಎತ್ತರ. ಆದ್ದರಿಂದ ಬಡಿಗೆ ಎತ್ತಬೇಕಾಗುತ್ತದೆ. ತೆಹ್ರಿಯ ಮದುವೆಯಲ್ಲಿ ನಡೆದದ್ದನ್ನು ನಾನು ಹೀಗೆ ಓದುತ್ತೇನೆ. ಕುರ್ಚಿಗಳು ಸಮ ಆದಲ್ಲಿ ಜಾತಿ ಬೆತ್ತಲೆಯಾಗಿ ಎದುರು ನಿಲ್ಲುತ್ತದೆ.

ಪಂಚಾಯತಿಯ ಕತೆಯೂ ಇದೇ ಸಾಲಿನದು. 1993ರ ಪಂಚಾಯತ್ ರಾಜ್ ಕಾಯದೆಯ ಮೇಲೆ ಅಧ್ಯಕ್ಷರ ಕುರ್ಚಿ ಸರದಿಯ ಪ್ರಕಾರ ಕೇರಿಗೂ ಬಂತು, ಕೇರಿಯ ಹೆಣ್ಣುಮಕ್ಕಳಿಗೂ ಬಂತು. 2020ರಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ತೆರ್ಕು ತಿಟ್ಟೈ ಪಂಚಾಯತಿಯ ದಲಿತ ಅಧ್ಯಕ್ಷೆಯನ್ನು ಸಭೆಯಲ್ಲಿ ನೆಲದ ಮೇಲೆ ಕೂಡಿಸಿದ ಚಿತ್ರ ದೇಶವೆಲ್ಲ ನೋಡಿತು. ಉಳಿದ ಸದಸ್ಯರು ಕುರ್ಚಿಯ ಮೇಲಿದ್ದರು. ಮನುವಿನ 281ನೆಯ ಶ್ಲೋಕವನ್ನು ಅಲ್ಲಿ ಯಾರೂ ಓದಿರಲಿಕ್ಕಿಲ್ಲ, ಓದುವ ಅಗತ್ಯವೂ ಇರಲಿಲ್ಲ. ನಮ್ಮದೇ ಜಿಲ್ಲೆಯ ಬೆಂಡಿಗೇರಿಯಲ್ಲಿ 1987ರಲ್ಲಿ ದಲಿತರ ಬಾಯಿಗೆ ಮಲ ತುರುಕಿದ ನೆನಪು ಇರುವ ನಾವು ತಮಿಳುನಾಡಿನ ಕಡೆ ಬೆರಳು ತೋರಿಸಿ ಸುಮ್ಮನಿರುವ ಹಾಗಿಲ್ಲ.

1973ರಲ್ಲಿ ಬಸವಲಿಂಗಪ್ಪನವರು ಒಂದು ಮಾತು ಆಡಿದ್ದಕ್ಕೆ ಮಂತ್ರಿಯ ಕುರ್ಚಿ ಕಳಕೊಂಡರು. ಆ ಬೂಸಾ ಗಲಾಟೆಯ ಬೆಂಕಿಯಲ್ಲೇ ನಮ್ಮ ಚಳವಳಿ, ನಮ್ಮ ಸಾಹಿತ್ಯ ಕಣ್ಣು ತೆರೆದವು. ಆಗ ಪ್ರಶ್ನೆ ಒಂದೇ ಆಗಿತ್ತು: ಕುಂತವನು ಏನು ಮಾತಾಡಬಹುದು ಎಂದು ನಿರ್ಧರಿಸುವವರು ಯಾರು? ಇಂದೂ ಅದೇ ಪ್ರಶ್ನೆ. ಕುರ್ಚಿ ಸಿಕ್ಕರೆ ಸಾಲದು, ಅದರಲ್ಲಿ ಕುಂತು ಬಾಯಿ ತೆರೆಯುವಂತಿರಬೇಕು. ಅದು ನಂಬರು ಬಿದ್ದ, ಎಲ್ಲರಿಗೂ ಸೇರಿದ ಕುರ್ಚಿಯಾಗಿಯೇ ಉಳಿಯಬೇಕು.

ವಿದ್ಯಾರ್ಥಿ ಗೆಳೆಯರಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮ ಊರಿನ ಹಳೆಯ ಚಾವಡಿ, ಶಾಲೆ, ಸೊಸೈಟಿ, ಬಂಗಲೆಗಳಲ್ಲಿ ಇನ್ನೂ ಉಳಿದ ಕುರ್ಚಿ, ಬಾಕುಗಳನ್ನು ನೋಡಿ. ಹಿಂದೆ ನಂಬರು ಇದೆಯೇ? ಕಟ್ಟಿಗೆ ಯಾವುದು? ಮಾಡಿದ ಬಡಿಗರು, ಬೆತ್ತ ಹಾಕಿದವರು, ತೊಗಲು ಕೊಟ್ಟವರು ಯಾರು? ಅವರ ಮನೆತನದ ಹಿರಿಯರು ಇದ್ದರೆ ಕೇಳಿ, ಹೆಸರು ಬರೆದುಕೊಳ್ಳಿ. ಆಮೇಲೆ ಆ ಕೋಣೆಯಲ್ಲಿ ಯಾರು ಎಲ್ಲಿ ನಿಂದ್ರುತ್ತಿದ್ದರು ಎಂದೂ ಕೇಳಿ. ಹೇಳುವವರು ಇನ್ನೂ ಇದ್ದಾರೆ, ಬಹಳ ದಿನ ಇರುವುದಿಲ್ಲ. ಕೇಳಲು ಹೋದಾಗ ಅವರನ್ನು ನಿಲ್ಲಿಸಿ ಮಾತಾಡಿಸಬೇಡಿ. ಕುರ್ಚಿ ಕೊಟ್ಟು, ನೀವೂ ಸರಿಸಮ ಕುಂತು ಕೇಳಿರಿ.